ಲ್ಯಾಬಿನ ಆಯುಧಪೂಜೆ

ಕಿಟಕಿ ಪಕ್ಕದ ಸಾಲಿನ ಮೈಕ್ರೋಸ್ಕೋಪುಗಳಿಗೆ ಅರಿಶಿನ ಹಚ್ಚಿ ಮುಗಿಸಿ ವಿಜಯಾ ಕುಂಕುಮದ ಬಟ್ಟಲಿಗೆ ಬೆರಳಿಟ್ಟಾಗ ಅಮಿತಾ ಆ ಮಾತು ತೆಗೆದಳು. ಅಲ್ಲಿಯವರೆಗೆ ಲ್ಯಾಬಿನ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತು, ಪುರಿ ಕಡಲೆ ಮೆಲ್ಲುತ್ತ, ತಾನು ಕೆಲಸ ಮಾಡುವ, ತರಕಾರಿ ತೊಳೆದು ಚೀಲಕ್ಕೆ ತುಂಬುವ ಪ್ಯಾಕ್‌ಹೌಸಿನಲ್ಲಿ ಆಲೂಗಡ್ಡೆ ತೊಳೆಯುವ ಮಿಶಿನ್ನು ಕೆಟ್ಟು ನಿಂತು ಮ್ಯಾನೇಜರು ಕುಣಿದಾಡಿದ ಕಥೆ ಹೇಳುತ್ತಿದ್ದಳು. ಕಥೆ ಅರ್ಧಕ್ಕೆ ಬಿಟ್ಟು ಪುರಿಯ ಪೊಟ್ಟಣ ಪಕ್ಕಕ್ಕಿಟ್ಟಳು.

"ವಿಜಕ್ಕ, ನಾ ಶಾಲಿ ಬೋರ್ಡಿನಾಗ ಒಂದ್ ವಿಷಯ ಇಟ್ಟೇನಿ," ಅಂದಳು. "ಮಂದಿ ಬಾಯಿಂದ ನಿನಗ ಗೊತ್ತಾಗೂದು ಬ್ಯಾಡ ಅಂತ ನಾನ ಹೇಳಾಕತ್ತೇನಿ."

ವಿಜಯಾ ಕೈ ನಿಲ್ಲಿಸಲಿಲ್ಲ. ಬೋರ್ಡಿನ ವಿಷಯ ಅಂದರೆ ಯೂನಿಫಾರಮ್ಮಿನ ಬಣ್ಣವೋ, ಮಳೆ ಬಂದರೆ ಕೆರೆಯಾಗುವ ಆಟದ ಮೈದಾನವೋ ಇರಬೇಕು ಅಂದುಕೊಂಡಳು. ಅಮಿತಾಳ ಮಗಳು ಕೃತಿ ಇದೇ ಶಾಲೆಯಲ್ಲಿ ಹತ್ತನೇ ವರ್ಷದಲ್ಲಿ, ಅಂದರೆ ನಮ್ಮ ಒಂಬತ್ತನೇ ಕ್ಲಾಸಿನಲ್ಲಿ, ಓದುತ್ತಾಳೆ. ತಂದೆತಾಯಂದಿರ ಪರವಾಗಿ ಅಮಿತಾ ಬೋರ್ಡಿಗೆ ಆರಿಸಿ ಬಂದ ದಿನ ಹೋಳಿಗೆ ಮಾಡಿ ತಿನ್ನಿಸಿದವಳು ವಿಜಯಾನೇ. ನಮ್ಮವಳೊಬ್ಬಳು ಬೋರ್ಡಿನಲ್ಲಿ ಇರಲಿ ಅಂತ ಅವಳಿಗೆ ಆಸೆ ಇತ್ತು.

"ಹತ್ತನೇ ವರ್ಷದ ಮಕ್ಕಳಿಗೆ ಎವಲ್ಯೂಷನ್ ಕಲಿಸ್ತೀಯಲ್ಲಾ, ಅದರ ಜೋಡಿ ಇಂಟೆಲಿಜೆಂಟ್ ಡಿಸೈನೂ ಕಲಿಸಬೇಕು ಅಂತ ಕೇಳೇನಿ," ಅಂದಳು ಅಮಿತಾ. "ರಿಲಿಜಿಯಸ್ ಪೀರಿಯಡ್ಡಿನಾಗ ಅಲ್ಲ. ಸೈನ್ಸ್ ಕ್ಲಾಸಿನಾಗ. ನೀನ ಕಲಿಸಬೇಕು."

ಈಗ ವಿಜಯಾಳ ಕೈ ನಿಂತಿತು.

ಇದು ಆಕ್ಲೆಂಡಿನ ದಕ್ಷಿಣಕ್ಕೆ, ಪುಕೆಕೊಹೆ ಊರಾಚೆ, ಈರುಳ್ಳಿ ಹೊಲಗಳ ಪಕ್ಕದಲ್ಲಿರುವ ಒಂದು ಸಣ್ಣ ಕ್ರೈಸ್ತ ಶಾಲೆ. ಜಾಗ ಚರ್ಚಿನದು, ಸಂಬಳ ಸರ್ಕಾರದ್ದು, ಪಾಠವೂ ಸರ್ಕಾರ ಹೇಳಿದ್ದೇ. ಬೆಳಗ್ಗೆ ಪ್ರಾರ್ಥನೆ ಉಂಟು, ಧರ್ಮದ ಪಾಠಕ್ಕೆ ಬೇರೆ ಪೀರಿಯಡ್ಡೂ ಉಂಟು. ವಿಜಯಾ ಇಲ್ಲಿ ಸೇರಿದಾಗ, ನೀನು ಹಿಂದೂ, ಪ್ರಾರ್ಥನೆಗೆ ಬರಲೇಬೇಕೆಂದಿಲ್ಲ ಅಂದಿದ್ದರು. ಅವಳು ಅಯ್ಯೋ ದೇವರ ಹೆಸರು ತಾನೆ, ಬರ್ತೀನಿ ಬಿಡಿ ಅಂದು ದಿನಾ ತಲೆ ಬಗ್ಗಿಸಿ ನಿಲ್ಲುತ್ತಾಳೆ. ಆದರೆ ಲ್ಯಾಬಿನ ಬಾಗಿಲು ದಾಟಿದ ಮೇಲೆ ಅಲ್ಲಿ ಅವಳದೇ ಕಾನೂನು. ಕಣ್ಣಿನಂಥ ಕಣ್ಣು, ಹಕ್ಕಿಯ ರೆಕ್ಕೆ, ಇಷ್ಟು ನಾಜೂಕಿನದು ತಾನಾಗಿ ಆಗಿರಲು ಸಾಧ್ಯವಿಲ್ಲ, ಯಾವುದೋ ಬುದ್ಧಿಶಕ್ತಿ ಕೂತು ನಕ್ಷೆ ಹಾಕಿದೆ ಅನ್ನುವುದು ಆ 'ಡಿಸೈನ್' ಮಂದಿಯ ವಾದ. ಯಾರ ಬುದ್ಧಿ ಅಂತ ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಎಲ್ಲರಿಗೂ ಗೊತ್ತು.

ಹಾಗಾದರೆ ಈ ಕುಂಕುಮ ಏನು ಅಂತ ನೀವು ಕೇಳಬಹುದು. ಮೈಸೂರಿನ ಕಾಲೇಜಿನಲ್ಲಿ ಅವಳು ಪ್ರಾಣಿಶಾಸ್ತ್ರ ಓದುವಾಗ ದಸರಾ ರಜೆಗೆ ಮುಂಚಿನ ದಿನ ವಿಭಾಗಕ್ಕೆ ವಿಭಾಗವೇ ಬಾಳೆಕಂದು ಕಟ್ಟಿಕೊಂಡು ನಿಲ್ಲುತ್ತಿತ್ತು. ಬೆಳಗ್ಗೆ ಜೀವವಿಕಾಸದ ಪಾಠ ಮಾಡಿದ ಮೇಷ್ಟ್ರೇ ಮಧ್ಯಾಹ್ನ ಶಲ್ಯ ಹೊದ್ದು ಬಂದು ಮೈಕ್ರೋಸ್ಕೋಪಿಗೆ ಮಂಗಳಾರತಿ ಎತ್ತಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಸುತ್ತಿದ್ದರು. ಫಾರ್ಮಲಿನ್ ಜಾಡಿಯೊಳಗಿನ ಕಪ್ಪೆಗಳಿಗೂ ಮುಚ್ಚಳದ ಮೇಲೆ ಒಂದೊಂದು ಬೊಟ್ಟು. ಕೆಲಸ ಕೊಟ್ಟ ಸಲಕರಣೆಗೆ ವರ್ಷಕ್ಕೊಮ್ಮೆ ಕೈ ಮುಗಿಯದಿದ್ದರೆ ಅನ್ನ ಹೇಗೆ ಇಳಿಯುತ್ತದೆ? ಇಲ್ಲಿ ದಸರಾ ಬರುವುದು ವಸಂತದಲ್ಲಿ, ಹೆಚ್ಚಾಗಿ ಶಾಲೆಗೆ ರಜೆ ಇರುವಾಗ. ಅವಳು ತನ್ನ ಕೀ ಹಾಕಿ ಲ್ಯಾಬು ತೆಗೆದು, ಬೇಲಿಯ ಕೋವಾಯ್ ಮರದ ಹಳದಿ ಹೂ ಕಿತ್ತು ತಂದು, ಸದ್ದಿಲ್ಲದೆ ಪೂಜೆ ಮುಗಿಸುತ್ತಾಳೆ. ಊದುಬತ್ತಿ ಮಾತ್ರ ಹಚ್ಚುವ ಹಾಗಿಲ್ಲ. ಅಲಾರಂ ಕೂಗಿದರೆ ಫೈರ್ ಬ್ರಿಗೇಡಿನವರೇ ಪ್ರಸಾದಕ್ಕೆ ಬಂದಾರು.

ಅಮಿತಾ ಪ್ರತಿ ವರ್ಷವೂ ಬರುತ್ತಾಳೆ. ಗದಗ ಬೆಟಗೇರಿಯ ಹಳೆಯ ಮಿಶನ್ ಮನೆತನದವಳು. ತಾತನ ಕಾಲದಿಂದ ಚರ್ಚಿನ ಗಂಟೆ ಕೇಳಿ ಬೆಳೆದವಳು. ನಿನ್ನ ಮಿಶಿನ್ ಹಬ್ಬಕ್ಕ ನಾನ ಗೆಸ್ಟು ಅಂತ ಸ್ಟೂಲು ಹತ್ತಿ ಕೂತು ಕೋಸಂಬರಿ ಖಾಲಿ ಮಾಡಿ ಹೋಗುತ್ತಾಳೆ.

"ಯಾಕೆ ಅಮಿತಾ?" ಅಂದಳು ವಿಜಯಾ.

ಅಮಿತಾ ಹೇಳಿದಳು. ಜೀವಕೋಶ ಒಡೆದು ಎರಡಾಗುವಾಗ ಒಳಗಿನ ಬರಹದ ನಕಲು ಆಗುತ್ತದೆ, ನಕಲು ಮಾಡುವಾಗ ಆಗೊಮ್ಮೆ ಈಗೊಮ್ಮೆ ತಪ್ಪಾಗುತ್ತದೆ, ಅಂಥ ತಪ್ಪುಗಳಿಂದಲೇ ಹೊಸ ಹೊಸ ಜೀವಿಗಳು ಬಂದವು ಅಂತ ವಿಜಯಾ ಕ್ಲಾಸಿನಲ್ಲಿ ಹೇಳಿದ್ದಳಂತೆ. ಕೃತಿ ಕೈ ಎತ್ತಿ, ಹಾಗಾದರೆ ಕ್ಯಾನ್ಸರೂ ಅದೇ ಥರದ ತಪ್ಪೇ ಅಂತ ಕೇಳಿದಳಂತೆ. ವಿಜಯಾ ಎಕ್ಸಲೆಂಟ್ ಅಂದಳಂತೆ. ಇದೆಲ್ಲ ನಿಜವೇ. ವಿಜಯಾಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಆ ವರ್ಷ ಯಾವ ಮಗುವೂ ಕೇಳದಂಥ ಜಾಣ ಪ್ರಶ್ನೆ ಅದು. ಕೇಳಿದ ಹುಡುಗಿಯ ಅಪ್ಪ ರಾಜೇಶ್ ಎರಡು ವರ್ಷದ ಹಿಂದೆ ಯಾವ ರೋಗದಿಂದ ಹೋದ ಅನ್ನುವುದು ಆ ಗಳಿಗೆಯಲ್ಲಿ ಅವಳ ತಲೆಗೇ ಬಂದಿರಲಿಲ್ಲ. ಮೇಷ್ಟ್ರುತನ ಹೀಗೇ, ಉತ್ತರ ಸರಿ ಬಂದರೆ ಸಾಕು, ಕೂತವರು ಯಾರು ಅನ್ನುವುದೇ ಮರೆತುಹೋಗುತ್ತದೆ.

"ಅವತ್ತ ಊಟಕ್ಕ ಕುಂತಾಗ ನಾ ಪ್ರಾರ್ಥನಾ ಮಾಡಾಕ ಕೈ ಜೋಡಿಸಿದ್ರ ಆಕಿ ಜೋಡಿಸಲಿಲ್ಲ. 'ಡ್ಯಾಡ್ ವಾಸ್ ಜಸ್ಟ್ ಎ ಕಾಪಿಯಿಂಗ್ ಮಿಸ್ಟೇಕ್, ಮಮ್. ನೋಬಡಿ ಪ್ಲ್ಯಾನ್ಡ್ ಇಟ್' ಅಂದ್ಲು. ಅಂದು ಅನ್ನ ಕಲಸಿಕೊಂಡು ಉಂಡ್ಲು ವಿಜಕ್ಕ," ಅಂದಳು ಅಮಿತಾ. "ಪಾಸ್ಟರ್ ಹೇಳಿದ್ರ ಆಕಿ ಕೇಳಂಗಿಲ್ಲ. ನಾ ಹೇಳಿದ್ರಂತೂ ಬಿಡು. ನೀ ಹೇಳಿದ್ರ ಮಾತ್ರ ಖರೆ ಅಂತ ತಿಳೀತಾಳ. ಯಾರೋ ಒಬ್ಬಾಂವ ವಿಚಾರ ಮಾಡಿ ಮಾಡ್ಯಾನ ಅಂತ ನಿನ್ನ ಬಾಯಿಂದ ಒಂದ್ ಮಾತು ಬರಲಿ."

"ನಾನು ಹೇಳಿದ್ರೆ ನಿಜ ಅಂತ ನಂಬ್ತಾಳಲ್ಲ ಕಣೇ, ಅದಕ್ಕೇ ನಾನು ಹೇಳೋಕಾಗಲ್ಲ," ಅಂದಳು ವಿಜಯಾ.

ಅಮಿತಾ ಸ್ಟೂಲಿನಿಂದ ಇಳಿದು, ಕೋಸಂಬರಿಯ ಡಬ್ಬಿ ತೊಳೆದಿಟ್ಟು, ಕೆಲಸಕ್ಕೆ ಹೊತ್ತಾಯಿತು ಅಂತ ಹೊರಟಳು. ಉಳಿದ ಮೈಕ್ರೋಸ್ಕೋಪುಗಳಿಗೆ ವಿಜಯಾ ಒಬ್ಬಳೇ ಕುಂಕುಮ ಇಟ್ಟಳು.

ಈ ಇಬ್ಬರ ಸ್ನೇಹದ ಬಗ್ಗೆ ಎರಡು ಮಾತು ಹೇಳಲೇಬೇಕು. ಓದಲು ಬಂದ ಕಾಲದಲ್ಲಿ ಆಕ್ಲೆಂಡಿನಲ್ಲಿ ಇಬ್ಬರೂ ಫ್ಲಾಟ್‌ಮೇಟುಗಳು. ಒಂದೇ ಹೀಟರು, ಒಂದೇ ಕುಕ್ಕರು. ಮೈಸೂರಿನವಳಿಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದವಳು ಇವಳು, ಬೆಟಗೇರಿಯವಳಿಗೆ ಸಾರಿನ ಪುಡಿ ಹುರಿಯಲು ಕಲಿಸಿದವಳು ಅವಳು. ಅಮಿತಾಗೆ ಮದುವೆಯಾಯಿತು, ಮಗಳಾದಳು. ವಿಜಯಾಗೆ ಮದುವೆ ಆಗಲಿಲ್ಲ. ಯಾಕೆ ಅಂತ ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಪುಕೆಕೊಹೆಗೆ ಬಾ, ಇಲ್ಲೊಂದು ಶಾಲೆಯಲ್ಲಿ ಕೆಲಸ ಖಾಲಿ ಐತಿ ಅಂತ ಕರೆಸಿಕೊಂಡವಳೂ ಅಮಿತಾಳೇ. ಪ್ಯಾಕ್‌ಹೌಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ದಿನಾ ಸಂಜೆ ಫೋನ್ ಮಾಡಿ, ಏನ್ ಮಾಡೀ ಅಡಿಗಿ, ಮತ್ತ ಬ್ರೆಡ್ಡ ತಿಂದೇನು, ಸಾಯ್ತೀ ನೋಡು ಅಂತ ಬೈಯುವಳು. ಮೈಸೂರಿನಲ್ಲಿರುವ ವಿಜಯಾಳ ತಮ್ಮ ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾನೆ, ಅಷ್ಟೇ. ಈ ಊರಲ್ಲಿ ವಿಜಯಾಳನ್ನು ಕನ್ನಡದಲ್ಲಿ ಬೈಯುವವಳು ಇದ್ದದ್ದು ಇವಳೊಬ್ಬಳು. ಇವಳನ್ನು ಕಳೆದುಕೊಂಡರೆ ವಾರಗಟ್ಟಲೆ ಅವಳ ಬಾಯಲ್ಲಿ ಒಂದು ಕನ್ನಡ ಮಾತೂ ಹೊರಡಲಿಕ್ಕಿಲ್ಲ, ಅದು ಅವಳಿಗೆ ಗೊತ್ತಿತ್ತು.

ಫೋನು ನಿಲ್ಲಲಿಲ್ಲ, ಆದರೆ ಚಿಕ್ಕದಾಯಿತು. ಊಟ ಆತೇನು, ಆಯ್ತು, ನಿಂದು, ಆತು. ಬೋರ್ಡಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರ ಹಾಗೆ ಮಾತಾಡಿ ಇಡುತ್ತಿದ್ದರು.

ರಜೆ ಮುಗಿದು ಶಾಲೆ ಶುರುವಾದಾಗ ಪ್ರಿನ್ಸಿಪಾಲ್ ಗ್ರೇಮ್ ಅವಳನ್ನು ಕರೆದ. ಒಳ್ಳೆಯ ಮನುಷ್ಯ, ಆದರೆ ಅಡ್ಡಗೋಡೆ ಮೇಲೆ ದೀಪ ಇಡುವ ಜಾತಿ. ಅಮಿತಾಳ ಕಷ್ಟ ತನಗೆ ಅರ್ಥವಾಗುತ್ತದೆ, ವಿಜಯಾಳ ನಿಲುವೂ ಅರ್ಥವಾಗುತ್ತದೆ, ಅಮಿತಾ ಕೇಳಿದ ಹಾಗೆ ಎರಡು ವಾರದ ಪಾಠ ಏನೂ ಬೇಡ, ಒಂದೇ ಒಂದು ಸ್ಲೈಡ್ ಹಾಕಿ, ಕೆಲವರು ಹೀಗೂ ನಂಬುತ್ತಾರೆ ಅಂತ ಹೇಳಿ ಮುಂದೆ ಹೋದರೆ ಆಗದೇ ಅಂತ ಕೇಳಿದ. ಬೋರ್ಡಿನ ಮುಂದೆ ನೀನೇ ಬಂದು ಒಪ್ಪಿಗೆ ಅಂದುಬಿಟ್ಟರೆ ಮತ ಹಾಕುವ ಪ್ರಮೇಯವೇ ಬರುವುದಿಲ್ಲ ಅಂದ. ಯೋಚನೆ ಮಾಡುತ್ತೇನೆ ಅಂದು ಬಂದಳು.

ಸುಳ್ಳು ಯಾಕೆ, ಅವಳು ಸ್ಲೈಡ್ ಮಾಡಿಯೂ ಮಾಡಿದಳು. ಶನಿವಾರ ಬೆಳಗ್ಗೆ ಬಟ್ಟೆ ಒಣಗಲು ಹಾಕಿ ಬಂದು, ಅಡುಗೆ ಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕಣ್ಣಿನ ಚಿತ್ರ ಹಾಕಿ ಪಕ್ಕದಲ್ಲಿ ಎರಡು ಸಾಲು ಬರೆದಳು. ಒಂದು ಸ್ಲೈಡಿಗೆ ಅಮಿತಾ ಸಿಗುತ್ತಾಳೆ ಅಂದರೆ ಅದೇನು ದೊಡ್ಡದು? ಮಕ್ಕಳು ಎಷ್ಟೋ ಸ್ಲೈಡು ನೋಡುತ್ತಾರೆ, ಎಷ್ಟೋ ಮರೆಯುತ್ತಾರೆ. ಆದರೆ ಅವಳ ಪಾಠದ ಪ್ರತಿ ಸ್ಲೈಡಿನ ಕೆಳಗೂ ಒಂದು ಪ್ರಶ್ನೆ ಇರುತ್ತದೆ, ಇದು ತಪ್ಪು ಅಂತ ಕಂಡುಹಿಡಿಯಬೇಕಾದರೆ ಏನು ಮಾಡಿ ನೋಡಬೇಕು ಅಂತ. ಮಕ್ಕಳು ಗುಂಪು ಕಟ್ಟಿಕೊಂಡು ಅದಕ್ಕೆ ಉತ್ತರ ಬರೆಯಬೇಕು, ಅದು ಅವಳ ಕ್ಲಾಸಿನ ಪದ್ಧತಿ. ಈ ಸ್ಲೈಡಿನ ಕೆಳಗೆ ಆ ಪ್ರಶ್ನೆ ಹಾಕಿದರೆ ಉತ್ತರವೇ ಇಲ್ಲ. ಹಾಕದಿದ್ದರೆ ಕೃತಿಯೇ ಮೊದಲು ಕೈ ಎತ್ತಿ, ಮಿಸ್, ಪ್ರಶ್ನೆ ಎಲ್ಲಿ ಅನ್ನುತ್ತಾಳೆ. ಕಾಫಿ ಆರಿಹೋಗುವವರೆಗೂ ಕೂತಿದ್ದು ಅಳಿಸಿಹಾಕಿದಳು.

ಮಾರನೆಯ ದಿನ ಆಕ್ಲೆಂಡಿನ ಬಾಟನಿ ಡೌನ್ಸಿನಲ್ಲಿ ಕನ್ನಡದವರ ದಸರಾ. ಹಬ್ಬ ಮುಗಿದು ಎಷ್ಟೋ ದಿನವಾಗಿತ್ತು, ಆದರೆ ಇಲ್ಲಿನ ದಸರಾ ಪಂಚಾಂಗ ನೋಡಿ ಬರುವುದಿಲ್ಲ, ಬಾಡಿಗೆಯ ಹಾಲ್ ಯಾವ ಭಾನುವಾರ ಖಾಲಿ ಇದೆ ನೋಡಿಕೊಂಡು ಬರುತ್ತದೆ. ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಮೆಟ್ಟಿಲಾಗಿ ಜೋಡಿಸಿ, ಬಿಳಿ ಬಟ್ಟೆ ಹೊದಿಸಿ ಗೊಂಬೆ ಕೂರಿಸಿದ್ದರು. ಸೀರೆ ಉಟ್ಟು ಮೋಟರ್‌ವೇ ಹಿಡಿದು ಹೋದ ವಿಜಯಾ ಚಿತ್ರಾನ್ನದ ತಟ್ಟೆ ಹಿಡಿದು ಚಿದಾನಂದ ಅಂಕಲ್ ಪಕ್ಕ ಕೂತಳು. ಅವರು ದೊಡ್ಡ ಸಾಫ್ಟ್‌ವೇರ್ ಕೆಲಸದಲ್ಲಿದ್ದು ನಿವೃತ್ತರಾದವರು, ತಿಳಿದವರು, ಒಂದು ಮಾತು ಕೇಳೋಣ ಅಂತ ಎಲ್ಲ ಹೇಳಿದಳು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಒಪ್ಕೊಂಡ್ಬಿಡಮ್ಮ, ಅವರು ಒಂದು ಸಲ ಬಾಗಿಲು ತೆಗೆದರೆ ನಾವು ದಶಾವತಾರ ಒಳಗೆ ತರಬಹುದು ಅಂದರು. ಮತ್ಸ್ಯ, ಕೂರ್ಮ, ವರಾಹ, ಎವಲ್ಯೂಷನ್ ಅಂದರೆ ಇನ್ನೇನು, ನಮ್ಮವರು ಆಗಲೇ ಬರೆದಿಟ್ಟಿದ್ದಾರೆ, ನೀನೇ ಒಂದು ಸ್ಲೈಡ್ ಮಾಡು ಅಂದರು. ಸುತ್ತ ಇದ್ದವರು ತಲೆಯಾಡಿಸಿದರು. ಒಬ್ಬಾಕೆಯಂತೂ ಅವಳ ತಟ್ಟೆಗೆ ಇನ್ನೊಂದು ಸೌಟು ಚಿತ್ರಾನ್ನ ಹಾಕಿ, ದೇವರಿಲ್ಲ ಅಂತ ಮಕ್ಕಳಿಗೆ ಹೇಳಿಕೊಡಬಾರದು ಕಣಮ್ಮ ಅಂದಳು. ದೇವರಿಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ ಆಂಟಿ ಅನ್ನಬೇಕೆಂದು ವಿಜಯಾ ಬಾಯಿ ತೆರೆಯುವಷ್ಟರಲ್ಲಿ ಮೈಕಿನಲ್ಲಿ ಮಕ್ಕಳ ಕೋಲಾಟ ಶುರುವಾಯಿತು. ಕನ್ನಡ ಮಾತಾಡುವ ಅಷ್ಟು ಜನರ ನಡುವೆ ಕೂತು ಅವಳಿಗೆ ಅಮಿತಾ ಬೇಕು ಅನ್ನಿಸಿತು. ಕೋಲಾಟ ಮುಗಿಯುವ ಮೊದಲೇ ಎದ್ದು ಬಂದಳು.

ಬೋರ್ಡು ಸೇರುವ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೃತಿ ಲ್ಯಾಬಿಗೆ ಬಂದಳು. ಶಾಲೆಯಲ್ಲಿ ಮಿಸ್ ಅನ್ನುವವಳು ಅವತ್ತು ಆಂಟಿ ಅಂದಳು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಇಂಗ್ಲಿಷಿನಲ್ಲೇ ಕೇಳಿದಳು, ತಾನು ಅಮ್ಮನಿಗೆ ಹೇಳಿದ್ದು ತಪ್ಪೇ ಅಂತ.

"ತಪ್ಪಲ್ಲ ಪುಟ್ಟಿ," ಅಂದಳು ವಿಜಯಾ. "ನೀನು ಹೇಳಿದ್ದು ಸರಿ. ಆದರೆ ಅದು ಅಮ್ಮನ ಮುಂದೆ ಊಟಕ್ಕೆ ಕೂತು ಹೇಳೋ ಮಾತಲ್ಲ."

"ಬಟ್ ಯೂ ಟಾಟ್ ಇಟ್, ಆಂಟಿ," ಅಂದಳು ಕೃತಿ. ಕೋಪದಿಂದ ಅಲ್ಲ, ಸುಮ್ಮನೆ. ಅಪ್ಪನಿಗೆ ಆದದ್ದು ಏನು ಅಂತ ಆಸ್ಪತ್ರೆಯಲ್ಲಿ ಯಾರೂ ತನಗೆ ತಿಳಿಯುವ ಹಾಗೆ ಹೇಳಿರಲಿಲ್ಲ, ಅವತ್ತು ಕ್ಲಾಸಿನಲ್ಲಿ ಮೊದಲ ಸಲ ತಿಳಿಯಿತು, ತಿಳಿದ ಮೇಲೆ ನಿದ್ದೆ ಬರುತ್ತಿದೆ ಅಂದಳು. ಇದನ್ನು ಅಮ್ಮನಿಗೆ ಹೇಳಿದೆಯಾ ಅಂತ ವಿಜಯಾ ಕೇಳಿದರೆ ಇಲ್ಲವೆಂದು ತಲೆಯಾಡಿಸಿದಳು. ಅಮ್ಮ ಅಳುತ್ತಾಳೆ ಅಂದಳು. ಗಂಟೆ ಹೊಡೆಯಿತು, ಬ್ಯಾಗು ಎತ್ತಿಕೊಂಡು ಹೋದಳು.

ಸಂಜೆ ಲೈಬ್ರರಿಯಲ್ಲಿ ಬೋರ್ಡು ಸೇರಿತು. ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದರಿಂದ ಹೊರಗೆ ಇನ್ನೂ ಝಗ್ಗನೆ ಬಿಸಿಲು. ಒಂದು ಸಣ್ಣ ಪ್ರಾರ್ಥನೆ, ಚಹಾ, ಬಿಸ್ಕತ್ತು. ಅಧ್ಯಕ್ಷ ಒಬ್ಬ ಈರುಳ್ಳಿ ಬೆಳೆಗಾರ, ಚಡ್ಡಿಯಲ್ಲೇ ಬಂದಿದ್ದ, ಮೊಣಕಾಲಿಗೆ ಕೆಂಪು ಮಣ್ಣು ಅಂಟಿತ್ತು. ಅವನು ಮೊದಲು ಅಮಿತಾಗೆ ಮಾತಾಡಲು ಹೇಳಿದ. ಅವಳು ಬರೆದುಕೊಂಡು ಬಂದಿರಲಿಲ್ಲ. ರಾಜೇಶನ ಹೆಸರು ಎತ್ತದೆ ಹೇಳಬೇಕು ಅಂತ ಶುರುಮಾಡಿ ಎರಡನೇ ವಾಕ್ಯಕ್ಕೇ ಎತ್ತಿದಳು. ಮಗಳು ದೇವರನ್ನು ಬಿಟ್ಟರೂ ಪರವಾಗಿಲ್ಲ, ತನ್ನ ಅಪ್ಪ ಒಂದು ತಪ್ಪು ಅಂದುಕೊಂಡು ಬೆಳೆಯಬಾರದು ಅಂದಳು. ಅಷ್ಟು ಹೇಳಿ ಕೂತಳು. ಎದುರಿಗಿದ್ದವರು ಟೇಬಲ್ಲು ನೋಡುತ್ತಿದ್ದರು.

ಆಮೇಲೆ ವಿಜಯಾ ಎದ್ದು ನಿಂತಳು. ಶಾಲೆಯಲ್ಲಿ ದೇವರಿಗೆ ಜಾಗ ಇದೆ, ಬೆಳಗಿನ ಪ್ರಾರ್ಥನೆಯಲ್ಲಿ ತಾನೂ ನಿಲ್ಲುತ್ತೇನೆ, ಧರ್ಮದ ಪೀರಿಯಡ್ಡಿನಲ್ಲಿ ಇದನ್ನು ಎಷ್ಟು ಬೇಕಾದರೂ ಚರ್ಚೆ ಮಾಡಲಿ ಅಂದಳು. ಲ್ಯಾಬಿನಲ್ಲಿ ಮಾತ್ರ ಯಾವುದನ್ನು ಪರೀಕ್ಷೆ ಮಾಡಿ, ತಪ್ಪಾದರೆ ತಪ್ಪು ಅಂತ ಬಿಡಬಹುದೋ ಅದನ್ನೇ ಹೇಳಿಕೊಡುವುದು. ಒಂದು ಸ್ಲೈಡೂ ಆಗುವುದಿಲ್ಲ ಅಂತ ಗ್ರೇಮ್ ಕಡೆ ನೋಡಿ ಹೇಳಿದಳು. ಇಷ್ಟು ಹೇಳುವಾಗ ಅಮಿತಾಳ ಕಡೆ ನೋಡಲಿಲ್ಲ, ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ.

ನೀನು ದೇವರನ್ನು ನಂಬುತ್ತೀಯಾ ಅಂತ ಒಬ್ಬ ಹೆಂಗಸು ಮೆತ್ತಗೆ ಕೇಳಿದಳು. ನಂಬುತ್ತೇನೆ ಅಂದಳು ವಿಜಯಾ.

ಆಗ ಅಮಿತಾ ಕೂತಲ್ಲಿಂದಲೇ ಮಾತಾಡಿದಳು. ಇವಳು ಪ್ರತಿ ವರ್ಷ ರಜೆಯಲ್ಲಿ ಲ್ಯಾಬಿಗೆ ಬಂದು ಮೈಕ್ರೋಸ್ಕೋಪುಗಳಿಗೆ ಪೂಜೆ ಮಾಡುತ್ತಾಳೆ, ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಾಳೆ, ನಾನು ಪಕ್ಕದಲ್ಲೇ ಕೂತಿರುತ್ತೇನೆ, ಇವಳ ದೇವರು ಆ ಲ್ಯಾಬಿನಲ್ಲಿ ಇರಬಹುದಾದರೆ ನನ್ನ ಮಗಳ ದೇವರು ಯಾಕೆ ಇರಬಾರದು ಅಂತ ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಚಾಡಿ ಹೇಳುವ ದನಿಯಲ್ಲ ಅದು. ಮುಳುಗುತ್ತಿರುವವಳು ಕೈಗೆ ಸಿಕ್ಕಿದ್ದು ಹಿಡಿಯುತ್ತಾಳಲ್ಲ, ಹಾಗೆ.

ಗ್ರೇಮ್ ಕಣ್ಣು ಅಗಲ ಮಾಡಿದ. ಅಧ್ಯಕ್ಷ ಬಿಸ್ಕತ್ತು ತಟ್ಟೆಗೆ ಇಟ್ಟು, ಇದು ನಿಜವೇ ಅಂತ ಕೇಳಿದ. ವಿಜಯಾಳ ಮುಖ ಬಿಸಿಯಾಯಿತು. ನಾಚಿಕೆಯೋ, ಸಿಟ್ಟೋ, ಅವಳಿಗೂ ಗೊತ್ತಾಗಲಿಲ್ಲ. ಅಡುಗೆ ಮನೆಯ ದೇವರನ್ನು ಯಾರೋ ರಸ್ತೆಗೆ ತಂದಿಟ್ಟ ಹಾಗಾಯಿತು.

ನಿಜ ಅಂದ ಮೇಲೆ ಅವಳು ನಿಧಾನವಾಗಿ ಉಳಿದದ್ದನ್ನು ಹೇಳಿದಳು. ಪೂಜೆ ಮಾಡುವುದು ಹೌದು, ಅದು ತನ್ನ ಅನ್ನಕ್ಕೆ ತಾನು ಹೇಳುವ ಥ್ಯಾಂಕ್ಸ್. ಆದರೆ ಶಾಲೆ ಶುರುವಾಗುವ ಹಿಂದಿನ ದಿನ ಹತ್ತಿ, ಸ್ಪಿರಿಟ್ ಹಿಡಿದು ಬಂದು ಪ್ರತಿಯೊಂದನ್ನೂ ಒರೆಸಿಯೇ ಹೋಗುತ್ತೇನೆ, ಇಷ್ಟು ವರ್ಷದಲ್ಲಿ ಒಂದು ಮಗುವೂ ಅದನ್ನು ನೋಡಿಲ್ಲ ಅಂದಳು. ಮಕ್ಕಳು ಒಳಗೆ ಬರುವ ಹೊತ್ತಿಗೆ ಅಲ್ಲಿ ನನ್ನ ದೇವರೂ ಇರಬಾರದು, ಇರುವುದಿಲ್ಲ ಅಂದಳು. ಹೇಳಿ ಕೂತಳು.

ಅದಾದ ಮೇಲೆ ಚರ್ಚೆ ಉದ್ದ ಹೋಗಲಿಲ್ಲ. ಅಧ್ಯಕ್ಷ ಮತಕ್ಕೆ ಹಾಕಿದ. ಅಮಿತಾಳ ಜೊತೆ ಎದ್ದದ್ದು ಇನ್ನೊಂದೇ ಕೈ. ಧರ್ಮದ ಪೀರಿಯಡ್ಡಿನಲ್ಲಿ ಈ ವಿಷಯ ತೆಗೆದುಕೊಳ್ಳುವುದು, ವಿಜ್ಞಾನದ ಪಾಠ ಈಗಿರುವ ಹಾಗೇ ಇರುವುದು ಅಂತ ತೀರ್ಮಾನವಾಯಿತು. ಗ್ರೇಮ್ ಬಂದು ವಿಜಯಾಳ ಕೈ ಕುಲುಕಿ ವೆಲ್ ಡನ್ ಅಂದ. ಅವಳ ಕಣ್ಣು ಅಮಿತಾಳನ್ನು ಹುಡುಕುತ್ತಿತ್ತು. ಅವಳು ಆಗಲೇ ಹೊರಗೆ ಹೋಗಿದ್ದಳು.

ಕಾರ್ ಪಾರ್ಕಿನಲ್ಲಿ ಅಮಿತಾ ತನ್ನ ಪ್ಯಾಕ್‌ಹೌಸಿನ ಯೂಟಿಗೆ, ಹಿಂದೆ ತೆರೆದ ತೊಟ್ಟಿ ಇರುವ ಆ ಸಣ್ಣ ಟ್ರಕ್ಕಿಗೆ, ಒರಗಿ ನಿಂತಿದ್ದಳು. ಹೊರಟುಹೋಗಿರಲಿಲ್ಲ, ಕಾಯುತ್ತಿದ್ದಳು. ಅದನ್ನು ನೋಡಿ ವಿಜಯಾಗೆ ಜೀವ ಬಂದ ಹಾಗಾಯಿತು. ಬೈಯಲಿ, ಇಡೀ ಸಂಜೆ ನಿಂತು ಬೈಯಲಿ, ಕೇಳಿಸಿಕೊಂಡು ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಅನ್ನ ಸಾರು ಬಡಿಸುತ್ತೇನೆ ಅಂದುಕೊಂಡು ಹತ್ತಿರ ಬಂದಳು.

"ಎಲ್ಲಾನೂ ಒರಸ್ತಿದ್ದೇನು?" ಅಂತ ಕೇಳಿದಳು ಅಮಿತಾ.

"ಹೂಂ ಕಣೇ. ಸ್ಕೂಲು ಶುರುವಾಗೋ ಮುಂಚೆ."

"ರಾಜೇಶ ದವಾಖಾನ್ಯಾಗ ಇದ್ದ ವರ್ಷ ನಾ ಹಚ್ಚಿದ್ದು?"

ಆ ವರ್ಷ ರಾಜೇಶನಿಗೆ ಎರಡನೇ ಸಲ ಕೀಮೋ ನಡೆಯುತ್ತಿತ್ತು. ಆದರೂ ಅಮಿತಾ ಪೂಜೆಗೆ ಬಂದಿದ್ದಳು, ಆದರೆ ಸ್ಟೂಲು ಹತ್ತಿರಲಿಲ್ಲ, ಪುರಿಯನ್ನೂ ಮುಟ್ಟಿರಲಿಲ್ಲ. ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದ ವಿಜಯಾ ಯಾಕೋ ತಿರುಗಿ ನೋಡಿದರೆ, ಮಿಶನ್ ಮನೆತನದ ಈ ಹುಡುಗಿ ಉಂಗುರದ ಬೆರಳನ್ನು ಕುಂಕುಮದಲ್ಲಿ ಅದ್ದಿ ಕೊನೆಯ ಮೈಕ್ರೋಸ್ಕೋಪಿಗೆ ಹಚ್ಚುತ್ತಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ನೋಡಿದ್ದು ತಿಳಿಯಬಾರದು ಅಂತ ವಿಜಯಾ ನಲ್ಲಿಯನ್ನು ಜೋರಾಗಿ ಬಿಟ್ಟು ಆ ಕಡೆ ತಿರುಗಿ ನಿಂತಿದ್ದಳು. ಇಬ್ಬರೂ ಆ ಮಾತು ಯಾವತ್ತೂ ಎತ್ತಿರಲಿಲ್ಲ. ಮುಂದಿನ ತಿಂಗಳೇ ರಾಜೇಶ್ ಹೋದ.

ಒಂದು ಸುಳ್ಳು ಸಾಕಾಗಿತ್ತು. ಅದೊಂದನ್ನು ಬಿಟ್ಟೆ ಕಣೇ, ಅದು ಬೀರುವಿನಲ್ಲಿ ಹಾಗೇ ಇದೆ ಅಂದಿದ್ದರೆ ಅಮಿತಾ ಈ ಯೂಟಿಗೆ ಒರಗಿಯೇ ಅತ್ತುಬಿಡುತ್ತಿದ್ದಳು, ಆಮೇಲೆ ಎಲ್ಲ ಸರಿಹೋಗುತ್ತಿತ್ತು. ಯಾರು ಹೋಗಿ ಬೀರು ತೆಗೆದು ನೋಡುತ್ತಾರೆ? ಆ ಸುಳ್ಳು ವಿಜಯಾಳ ನಾಲಿಗೆ ತುದಿಗೂ ಬಂದಿತ್ತು. ಅವತ್ತು ಆ ಕೊನೆಯ ಮೈಕ್ರೋಸ್ಕೋಪಿನ ಮುಂದೆ ಹತ್ತಿ ಹಿಡಿದು ಅವಳು ಬಹಳ ಹೊತ್ತು ನಿಂತದ್ದೂ ನಿಜ. ಆದರೆ ಮಾರನೆಯ ದಿನ ಮೊದಲ ಪೀರಿಯಡ್ಡೇ ಮಕ್ಕಳದ್ದಿತ್ತು.

"ಒರೆಸಿದೆ ಕಣೇ," ಅಂದಳು. "ಅದನ್ನೂ ಒರೆಸಿದೆ."

ಅಮಿತಾ ತಲೆಯಾಡಿಸಿದಳು. ಗೊತ್ತಾಯಿತು ಅನ್ನುವ ಹಾಗೆ, ಒಂದೇ ಸಲ. ವಿಜಯಾ ಕೈ ಹಿಡಿಯಲು ಹೋದಳು. ಅಷ್ಟರಲ್ಲಿ ಅವಳು ಯೂಟಿನ ಬಾಗಿಲು ತೆಗೆದು, ಹತ್ತಿ ಕೂತು, ಬೆಲ್ಟ್ ಹಾಕಿಕೊಂಡಿದ್ದಳು. ಕಿಟಕಿಯ ಗಾಜು ಇಳಿಸಿದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಡೇರಿ ಅಂಗಡಿಯಲ್ಲಿ ಗುರುತಿನವರು ಸಿಕ್ಕಾಗ ಇರುತ್ತದಲ್ಲ, ಅಂಥ ಮುಖ.

"ಡ್ರೈವ್ ಸೇಫ್, ವಿಜಯಾ," ಅಂದಳು. "ಹ್ಯಾವ್ ಎ ಗುಡ್ ಈವ್ನಿಂಗ್."

ಫ್ಲಾಟಿನ ಕಾಲದಿಂದ ಈ ತನಕ ಅವಳು ವಿಜಯಾಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ್ದು ಇದೇ ಮೊದಲು. ಇಬ್ಬರೇ ಇದ್ದರು, ಪಕ್ಕದಲ್ಲಿ ಯಾರೂ ಇರಲಿಲ್ಲ.

"ಯೂ ಟೂ," ಅಂದಳು ವಿಜಯಾ.

ಯೂಟು ಗೇಟು ದಾಟಿ, ಟೌನಿನ ಕಡೆ ತಿರುಗಿ ಹೋಯಿತು. ಒಬ್ಬೊಬ್ಬರಾಗಿ ಬೋರ್ಡಿನವರೂ ಹೋದರು. ಗೇಟಿಗೆ ಬೀಗ ಹಾಕುವ ಕೇರ್‌ಟೇಕರ್ ಬಂದು, ಎಲ್ಲ ಸರಿ ತಾನೆ ಅಂತ ಕೇಳಿದ. ಆಲ್ ಗುಡ್ ಅಂದಳು. ಹೋಗಿ ಕಾರಿನಲ್ಲಿ ಕೂತಳು. ಎಂಥ ದಿನ ಬಂತು ನೋಡು ಅಂತ ಯಾರಿಗಾದರೂ ಹೇಳಿಕೊಳ್ಳಬೇಕಿತ್ತು. ಕೈ ತಾನಾಗಿ ಬ್ಯಾಗಿಗೆ ಹೋಗಿ ಫೋನು ತೆಗೆಯಿತು, ಬೆರಳು ತಾನಾಗಿ ಮೊದಲ ಹೆಸರನ್ನು ಒತ್ತಿತು. ಆಚೆ ಕಡೆ ಒಂದು ಸಲ ರಿಂಗ್ ಆದ ಮೇಲೆ, ಯಾರಿಗೆ ಮಾಡುತ್ತಿದ್ದೇನೆ ಅಂತ ಅವಳಿಗೆ ತಿಳಿಯಿತು.

ಕಟ್ ಮಾಡಿದಳು. ಕೇರ್‌ಟೇಕರ್ ಗೇಟಿನ ಒಂದು ಬಾಗಿಲು ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಅವಳು ಹೊರಡಲಿ ಅಂತ ಬಿಸಿಲಿನಲ್ಲಿ ನಿಂತಿದ್ದ.